ಹತ್ತು ಸಾವಿರದೊಳಗೆ ಒಂದು ಒಳ್ಳೇ ಫೋನು

ಸಾಗರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು, ಅಷ್ಟು ದೊಡ್ಡದು. ಟಾಪ್‌ಅಪ್ ಕೂಪನ್ ಗೀರಿ ನಂಬರ್ ಒತ್ತುತ್ತಿದ್ದ ಕಾಲದಿಂದ ಇಲ್ಲೇ ಕೂತಿದ್ದೇನೆ. ಇಲ್ಲಿ ಕೂತು ನಾನು ಅತಿ ಹೆಚ್ಚು ಸಲ ಕೇಳಿದ ಮಾತೆಂದರೆ, "ಹತ್ತು ಸಾವಿರದೊಳಗೆ ಒಂದು ಒಳ್ಳೇದು ಕೊಡು ಮಾರಾಯ." ಐವತ್ತು ಸಾವಿರದ ಫೋನು ಕೊಳ್ಳುವವನು ಕಣ್ಣುಮುಚ್ಚಿ ಆರಿಸಿದರೂ ಒಳ್ಳೇದೇ ಸಿಗುತ್ತದೆ. ಹತ್ತು ಸಾವಿರದವನಿಗೆ ಆ ಸೌಕರ್ಯ ಇಲ್ಲ. ಅಲ್ಲಿ ಸಣ್ಣದೊಂದು ವಿಷಯ ತಪ್ಪಿದರೂ ಎರಡು ಮೂರು ವರ್ಷ ಅನುಭವಿಸಬೇಕು. ಹಾಗೆ ಅನುಭವಿಸಿದ ಕೆಲವರಿಗೆ ಫೋನ್ ಆರಿಸಿಕೊಟ್ಟವನು ನಾನೇ. ಅವರು ಈಗಲೂ ನನ್ನ ಅಂಗಡಿಗೇ ಬರುತ್ತಾರೆ. ಅದಕ್ಕೆ ಕಾರಣ ಅವರ ದೊಡ್ಡ ಮನಸ್ಸು, ಮತ್ತು ಈ ರಸ್ತೆಯಲ್ಲಿ ಬೇರೆ ಅಂಗಡಿಯವರು ನನಗಿಂತ ಬೇಗ ಬಾಗಿಲು ಹಾಕುವುದು. ಆ ಗಿರಾಕಿಗಳಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಬಜೆಟ್ ಕೇಳುವ ಮೊದಲು ಊರು ಕೇಳಬೇಕು

ಮೊದಲೆಲ್ಲ ಗಿರಾಕಿ ಬಂದ ಕೂಡಲೇ "ಎಷ್ಟರೊಳಗೆ ಬೇಕು?" ಎಂದು ಕೇಳುತ್ತಿದ್ದೆ. ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆಯ ಅಡಿಕೆ ಬೆಳೆಗಾರರೊಬ್ಬರಿಗೂ ಹಾಗೇ ಕೇಳಿದೆ. ಅವರು ಹೇಳಿದ ದುಡ್ಡಿಗೆ ನನ್ನ ಹತ್ತಿರ ಇದ್ದುದರಲ್ಲೇ ಚಂದದ್ದು, ದೊಡ್ಡ ಸ್ಕ್ರೀನಿನ 5ಜಿ ಫೋನು ಕೊಟ್ಟೆ. ಅವರಿಗೂ ಖುಷಿ, ನನಗೂ ಖುಷಿ. ಅವರ ಮನೆಗೆ ಸಿಗುತ್ತಿದ್ದದ್ದು ಬಿಎಸ್ಎನ್ಎಲ್ ಟವರ್ ಒಂದೇ. ಕೆಲವು ತಿಂಗಳ ಮೇಲೆ ಆ ಟವರಿಗೆ 4ಜಿ ಬಂತು. ಪಕ್ಕದ ಮನೆಯವರ ಅಗ್ಗದ ಫೋನಿನಲ್ಲಿ ವಿಡಿಯೊ ಓಡತೊಡಗಿತು, ಇವರದ್ದು ಮಾತ್ರ 2ಜಿಯಲ್ಲೇ ನಿಂತಿತು. ಆಗಿನ್ನೂ ಸಿಗಂದೂರಿನ ಸೇತುವೆ ಆಗಿರಲಿಲ್ಲ. ಲಾಂಚ್ ದಾಟಿ, ಬಸ್ ಹಿಡಿದು ಬಂದವರು ಫೋನನ್ನು ಕೌಂಟರ್ ಮೇಲಿಟ್ಟು, "ತಮಾ, ಇದ್ರಲ್ಲಿ ಸಿಗ್ನಲ್ ಕಾಣ್ತದಾ ನೋಡು" ಎಂದರು. ಅಂಗಡಿಯಲ್ಲಿ ತುಂಬು ಸಿಗ್ನಲ್ ಇತ್ತು. ಅವರಿಗೆ ಅದರಿಂದ ಏನುಪಯೋಗ?

ಬ್ಯಾಂಡ್ ಎಂಬ ವಿಷಯವನ್ನು ನಾನು ಕೂತು ಓದಿದ್ದು ಅವತ್ತು ರಾತ್ರಿ. ಒಂದೊಂದು ಕಂಪನಿಯ ಟವರು ಒಂದೊಂದು ತರಂಗಾಂತರದಲ್ಲಿ ಮಾತಾಡುತ್ತದೆ. ಜಿಯೋದ 4ಜಿ 850, 1800 ಮತ್ತು 2300 ಮೆಗಾಹರ್ಟ್ಸ್‌ನಲ್ಲಿ ಇದೆ, ಏರ್‌ಟೆಲ್‌ನದ್ದು 900, 1800, 2100, 2300ರಲ್ಲಿ. ಬಿಎಸ್ಎನ್ಎಲ್ 4ಜಿಗೆ ಮುಖ್ಯವಾದವು 700 ಮತ್ತು 2100. ಸಂಖ್ಯೆ ಕಡಿಮೆಯಾದಷ್ಟೂ ಸಿಗ್ನಲ್ ದೂರ ಹೋಗುತ್ತದೆ, ಮರ, ಗುಡ್ಡ, ಮಣ್ಣಿನ ಗೋಡೆ ದಾಟಿ ಒಳಗೆ ಬರುತ್ತದೆ. ಕಾಡಿನ ನಡುವಿನ ಒಂಟಿ ಮನೆಗೆ ಬಂದು ಮುಟ್ಟುವುದು 700. ಅದರ ಹೆಸರು ಬ್ಯಾಂಡ್ 28. ನಾನು ಕೊಟ್ಟ ಫೋನಿನಲ್ಲಿ ಎಲ್ಲ ಇತ್ತು, ಬ್ಯಾಂಡ್ 28 ಇರಲಿಲ್ಲ. ಪೇಟೆಯಲ್ಲಿ ಅದರ ಕೊರತೆ ಯಾರಿಗೂ ಗೊತ್ತೇ ಆಗುವುದಿಲ್ಲ.

ಪ್ರಧಾನಿಯವರು ಬಿಎಸ್ಎನ್ಎಲ್‌ನ ಸ್ವದೇಶಿ 4ಜಿಯನ್ನು 2025ರ ಸೆಪ್ಟೆಂಬರ್ 27ರಂದು ಉದ್ಘಾಟಿಸಿದ ಮೇಲೆ ಫೋನಿನಲ್ಲಿ ಬ್ಯಾಂಡ್ 28 ಇದೆಯಾ ಎಂಬ ಪ್ರಶ್ನೆ ಇನ್ನೂ ಹೆಚ್ಚು ಮುಖ್ಯವಾಗಿದೆ. ಫೋನ್ ಕಂಪನಿಯ ಭಾರತದ ವೆಬ್‌ಸೈಟಿನಲ್ಲಿ ಆ ಮಾದರಿಯ ವಿವರ ತೆಗೆದು 4ಜಿಯ, ಅಂದರೆ ಎಲ್‌ಟಿಇ ಬ್ಯಾಂಡ್‌ಗಳ ಸಾಲು ನೋಡಿ. ಭಾರತದ್ದೇ ನೋಡಿ, ಯಾಕೆಂದರೆ ಅದೇ ಹೆಸರಿನ ಫೋನು ಬೇರೆ ದೇಶದಲ್ಲಿ ಬೇರೆ ಬ್ಯಾಂಡಿನಲ್ಲಿ ಬರುತ್ತದೆ. 5ಜಿಗೂ ಇದೇ ಲೆಕ್ಕ. ಜಿಯೋ 5ಜಿ ಹಳ್ಳಿಯವರೆಗೆ ಬರುವುದು 700ರಲ್ಲಿ, ಅಂದರೆ ಎನ್28. ಎನ್78 ಒಂದೇ ಇದ್ದರೆ ಅದು ಹೆಚ್ಚಾಗಿ ಪೇಟೆಯ 5ಜಿ.

ಬೆಂಗಳೂರಲ್ಲಿರುವ ಮಕ್ಕಳಿಗೆ ಇಲ್ಲೊಂದು ಮಾತು. ನೀವು ವಿಮರ್ಶೆಯ ವಿಡಿಯೊ ನೋಡಿ, ಆಫರಿನಲ್ಲಿ ಕೊಂಡು, ಅಪ್ಪ ಅಮ್ಮನಿಗೆ ಕೊರಿಯರ್ ಮಾಡುವ ಫೋನನ್ನು ಅವರು ಬಳಸುವುದು ಕೋರಮಂಗಲದಲ್ಲಿ ಅಲ್ಲ.

2. ಮನೆಗೆ ಟವರ್ ಬಾರದಿದ್ದರೆ ವೈಫೈ ಇದೆಯಾ ಕೇಳಬೇಕು

ನಮ್ಮ ಕಡೆ ಕಣಿವೆಯಲ್ಲಿರುವ ಎಷ್ಟೋ ಮನೆಗಳಿಗೆ ಫೈಬರ್ ಇಂಟರ್ನೆಟ್ ಬಂದಿದೆ, ಸಿಗ್ನಲ್ ಬಂದಿಲ್ಲ. ಮನೆಯೊಳಗೆ ಯೂಟ್ಯೂಬ್ ನೋಡುತ್ತಾರೆ, ಫೋನ್ ಬಂದರೆ ಗುಡ್ಡ ಹತ್ತುತ್ತಾರೆ. ವೈಫೈ ಕಾಲಿಂಗ್ ನಮ್ಮ ದೇಶಕ್ಕೆ ಬಂದದ್ದು 2019ರ ಡಿಸೆಂಬರಿನಲ್ಲಿ ಏರ್‌ಟೆಲ್‌ನಿಂದ, ಮರು ತಿಂಗಳೇ ಜಿಯೋದಿಂದ. ಬೇರೆ ಆ್ಯಪ್ ಬೇಡ, ಹೆಚ್ಚಿನ ದುಡ್ಡೂ ಬೇಡ, ಮಾಮೂಲಿ ನಂಬರಿನ ಮಾಮೂಲಿ ಕರೆಯೇ ವೈಫೈ ಮೇಲೆ ಹೋಗುತ್ತದೆ. ಇದು ಗೊತ್ತಿದ್ದೂ ನಾನು ಬಹಳ ಕಾಲ ಯಾರಿಗೂ ಹೇಳಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ಒಬ್ಬರು ಆನ್‌ಲೈನಿನಲ್ಲಿ ಸಿಗ್ನಲ್ ಬೂಸ್ಟರ್ ತರಿಸಿ, ಹಾಕಿಕೊಡು ಎಂದು ನನ್ನ ಹತ್ತಿರವೇ ತಂದರು. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಅವರ ಫೋನಿನ ಸೆಟ್ಟಿಂಗಿನಲ್ಲಿ ಒಂದು ಗುಂಡಿ ಎಳೆದದ್ದಷ್ಟೆ, ಅಡುಗೆಮನೆಯಲ್ಲೇ ಕರೆ ಬಂತು. ಬೂಸ್ಟರಿನ ದುಡ್ಡು ಹೋಗಿತ್ತು.

ಕೊಳ್ಳುವ ಫೋನಿನಲ್ಲಿ, ನಿಮ್ಮದೇ ಸಿಮ್ ಹಾಕಿದಾಗ, ವೈಫೈ ಕಾಲಿಂಗ್ ಎಂಬ ಆಯ್ಕೆ ಕಾಣುತ್ತದೋ ಇಲ್ಲವೋ ಅಂಗಡಿಯಲ್ಲೇ ನೋಡಿ. ತೀರಾ ಅಗ್ಗದ ಕೆಲವು ಮಾದರಿಗಳಲ್ಲಿ ಎಲ್ಲ ಕಂಪನಿಗಳ ಸಿಮ್ಮಿಗೂ ಅದು ಕೆಲಸ ಮಾಡುವುದಿಲ್ಲ.

3. ಡಬ್ಬದ ಮೇಲಿನ 32 ಜಿಬಿ ಕೈಗೆ ಸಿಗುವ 32 ಜಿಬಿ ಅಲ್ಲ

2020ರ ಲಾಕ್‌ಡೌನ್. ಶಾಲೆಗಳು ಮುಚ್ಚಿ ಆನ್‌ಲೈನ್ ತರಗತಿ ಶುರುವಾಗಿತ್ತು. ಅಂಗಡಿ ಅರ್ಧ ಬಾಗಿಲು ತೆರೆದರೆ ಸಾಕು, ತಾಯಂದಿರು ಬರುತ್ತಿದ್ದರು. ಮಗುವಿಗೆ ಕ್ಲಾಸು, ಒಂದು ಫೋನು ಬೇಕು, ಐದಾರು ಸಾವಿರದೊಳಗೆ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಅಕ್ಕ ನೂರು ಇನ್ನೂರರ ನೋಟುಗಳನ್ನು ಮಡಚಿ ತಂದಿದ್ದರು. 2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜಿನ ಫೋನು ಕೊಟ್ಟೆ. ಸಾವಿರ ಚಿಲ್ಲರೆ ಹೆಚ್ಚು ಹಾಕಿದರೆ 64 ಜಿಬಿಯದ್ದು ಇತ್ತು. "ಮಗುವಿಗಲ್ವಾ, ಇದೇ ಸಾಕು" ಎಂದವನು ನಾನು. ಅವರ ದುಡ್ಡು ಉಳಿಸಿದೆ ಎಂಬ ಪುಣ್ಯ ಬೇರೆ.

ದೀಪಾವಳಿ ಹೊತ್ತಿಗೆ ಬಂದರು. ಫೋನ್ ತೆಗೆದರೆ ಸ್ಟೋರೇಜಿನ ಪಟ್ಟಿ ತುದಿಯವರೆಗೆ ಕೆಂಪು. ಕ್ಲಾಸಿನ ಆ್ಯಪ್ ಅಪ್‌ಡೇಟ್ ಆಗುತ್ತಿಲ್ಲ, ಅಪ್‌ಡೇಟ್ ಆಗದೆ ತೆರೆಯುತ್ತಿಲ್ಲ. ನೋಡುತ್ತಾ ಹೋದೆ. ಫೋನಿನ ಸ್ವಂತ ಸಾಫ್ಟ್‌ವೇರು, ಕಂಪನಿಯವರೇ ಹಾಕಿ ಕಳಿಸಿದ, ತೆಗೆಯಲಾಗದ ಆ್ಯಪುಗಳು ಸೇರಿ ಮೊದಲ ದಿನವೇ ಮೂರನೇ ಒಂದು ಪಾಲಿಗಿಂತ ಹೆಚ್ಚು ನುಂಗಿದ್ದವು. ಉಳಿದದ್ದನ್ನು ತಿಂದದ್ದು ವಾಟ್ಸಾಪು. ಒಂದೊಂದು ವಿಷಯಕ್ಕೆ ಒಂದೊಂದು ಗುಂಪು, ಪ್ರತಿ ಗುಂಪಿನಲ್ಲೂ ಮೇಷ್ಟ್ರು ಬೋರ್ಡಿನ ಮುಂದೆ ನಿಂತು ಮಾಡಿದ ವಿಡಿಯೊ, ಅದೇ ಪಾಠದ ಪಿಡಿಎಫ್, ಮೂವತ್ತು ಮಕ್ಕಳು ಹೋಮ್‌ವರ್ಕ್ ಬರೆದು ತೆಗೆದು ಹಾಕಿದ ಫೋಟೊ. ಎಲ್ಲವೂ ತಾನಾಗಿ ಇಳಿದು ಕೂತಿದ್ದವು. ಬೇರೆಯವರ ಮಕ್ಕಳ ಮಗ್ಗಿ ಪುಸ್ತಕವೇ ಒಂದು ಜಿಬಿ ಹತ್ತಿರ ಇತ್ತು.

ಅವತ್ತು ವಾಟ್ಸಾಪಿನ ಸೆಟ್ಟಿಂಗಿನಲ್ಲಿ ಸ್ಟೋರೇಜ್ ನಿರ್ವಹಣೆಯ ಪುಟ ತೆಗೆದು, 5 ಎಂಬಿಗಿಂತ ದೊಡ್ಡವು, ಬಹಳ ಸಲ ಫಾರ್ವರ್ಡ್ ಆದವು ಎಂಬ ಎರಡು ಗುಂಪುಗಳನ್ನು ಒಂದೊಂದಾಗಿ ಅಳಿಸಿಕೊಟ್ಟೆ, ತಾನಾಗಿ ಇಳಿಯುವುದನ್ನು ನಿಲ್ಲಿಸಿದೆ. ಎರಡು ತಿಂಗಳಿಗೆ ಮತ್ತೆ ಬಂದರು. ಅಷ್ಟು ಸಲ ಕೆಲಸ ಬಿಟ್ಟು ಬಂದ ಕೂಲಿ ಲೆಕ್ಕ ಹಾಕಿದರೆ ನಾನು ಉಳಿಸಿಕೊಟ್ಟ ಸಾವಿರ ರೂಪಾಯಿ ಯಾವತ್ತೋ ತೀರಿಹೋಗಿತ್ತು. ಅವರು ಒಂದು ದಿನವೂ ದೂರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಈಗ ನಾನು 64ಕ್ಕಿಂತ ಕೆಳಗಿನದ್ದನ್ನು ಸ್ಮಾರ್ಟ್‌ಫೋನ್ ಅಂತ ಯಾರಿಗೂ ತೋರಿಸುವುದಿಲ್ಲ. ದುಡ್ಡಿದ್ದರೆ 128. ಮೊದಲು ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಇಡಬಹುದಿತ್ತು, 2021ರ ಜೂನ್ 1ರಿಂದ ಅದು 15 ಜಿಬಿಯ ಲೆಕ್ಕಕ್ಕೆ ಬಂತು. ವಾಟ್ಸಾಪ್ ಬ್ಯಾಕಪ್ಪೂ 2024ರಲ್ಲಿ ಅದೇ 15 ಜಿಬಿಯೊಳಗೆ ಸೇರಿತು. ಹಾಗಾಗಿ ಫೋನಿನೊಳಗೆ ಇರುವ ಜಾಗವೇ ಗಟ್ಟಿ. 2025ರ ಕೊನೆಯಿಂದ ಮೆಮೊರಿ ಚಿಪ್ಪುಗಳೆಲ್ಲ ಎಐ ಡೇಟಾ ಸೆಂಟರುಗಳ ಕಡೆ ಹರಿದು ಬೆಲೆ ಏರಿರುವುದರಿಂದ 64ಕ್ಕೂ 128ಕ್ಕೂ ನಡುವಿನ ಅಂತರ ಹಿಗ್ಗಿದೆ, ಗೊತ್ತು. ಆದರೂ ಕ್ಯಾಮೆರಾದಲ್ಲಿ ಚೌಕಾಶಿ ಮಾಡಿ, ಇದರಲ್ಲಿ ಬೇಡ.

4. "ಕಾರ್ಡ್ ಹಾಕಿಕೊಳ್ಳಿ" ಎನ್ನುವುದು ಅರ್ಧ ಉತ್ತರ

ಸ್ಟೋರೇಜ್ ಕಡಿಮೆ ಎಂದವರಿಗೆಲ್ಲ ನಾನು ಕೊಡುತ್ತಿದ್ದ ಸಮಾಧಾನ ಇದು. ಕಾರ್ಡ್ ಮಾರಾಟವೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ವಾಟ್ಸಾಪ್ ತನ್ನ ಸಾಮಾನನ್ನು ಕಾರ್ಡಿನಲ್ಲಿ ಇಡುವುದಿಲ್ಲ, ಫೋನಿನ ಒಳಗೇ ಇಡುತ್ತದೆ. ಈಗಿನ ಬಹುಪಾಲು ಫೋನುಗಳಲ್ಲಿ ಆ್ಯಪುಗಳನ್ನು ಕಾರ್ಡಿಗೆ ಸಾಗಿಸಲು ಬರುವುದಿಲ್ಲ. ಕಾರ್ಡಿಗೆ ಹೋಗುವುದು ಕ್ಯಾಮೆರಾದ ಫೋಟೊ, ವಿಡಿಯೊ, ಯಕ್ಷಗಾನದ ಆಡಿಯೊ. ಅಷ್ಟೇ ಬೇಕಾದವರಿಗೆ ಕಾರ್ಡ್ ಒಳ್ಳೇದು.

ಇನ್ನೊಂದು ಕಡೆ ಎಡವಿದ್ದು ಹೈಬ್ರಿಡ್ ಟ್ರೇಯಲ್ಲಿ. ಕೆಲವು ಫೋನುಗಳಲ್ಲಿ ಎರಡು ಸಿಮ್ಮು ಮತ್ತು ಕಾರ್ಡು ಮೂರಕ್ಕೂ ಜಾಗ ಇರುತ್ತದೆ. ಕೆಲವದರಲ್ಲಿ ಎರಡನೇ ಸಿಮ್ಮಿನ ಜಾಗದಲ್ಲೇ ಕಾರ್ಡು ಕೂರಬೇಕು. ಊರಿಗೊಂದು, ಶಿವಮೊಗ್ಗಕ್ಕೊಂದು ಎಂದು ಎರಡು ಸಿಮ್ ಇಟ್ಟುಕೊಂಡಿದ್ದ ಡ್ರೈವರ್ ಒಬ್ಬರಿಗೆ ನಾನು ಹೈಬ್ರಿಡ್ ಟ್ರೇಯ ಫೋನು ಕೊಟ್ಟೆ, ಕಾರ್ಡನ್ನೂ ಕೊಟ್ಟೆ. ಹಾಕುವಾಗ ಒಂದು ಸಿಮ್ ಹೊರಗೆ ಬಂತು. "ಅದು ಅಷ್ಟೇನೂ ಬಳಸಲ್ಲ, ಇರ್ಲಿ ಬಿಡಿ" ಎಂದು ಪರ್ಸಿಗೆ ಹಾಕಿಕೊಂಡರು. ಬ್ಯಾಂಕಿನ ಒಟಿಪಿ ಬರುತ್ತಿದ್ದದ್ದು ಅದಕ್ಕೆ. ನೆನಪಾಗುವ ಹೊತ್ತಿಗೆ ಸಿಮ್ ಸತ್ತಿತ್ತು. ಸತತ 90 ದಿನ ಬಳಸದ ನಂಬರನ್ನು ಕಂಪನಿ ಕಡಿದುಹಾಕಬಹುದು, ಆಮೇಲೆ ಬೇರೆಯವರಿಗೂ ಕೊಡಬಹುದು. ಬ್ಯಾಂಕಿಗೆ ಹೋಗಿ ನಂಬರ್ ಬದಲಿಸಿಕೊಳ್ಳಲು ಅವರು ಪಟ್ಟ ಪಾಡಿನಲ್ಲಿ ನನ್ನ ಹೆಸರು ಎಷ್ಟು ಸಲ ಬಂದಿರಬಹುದೋ. ಈಗ ಟ್ರೇಯನ್ನು ಎಳೆದು ತೋರಿಸಿಯೇ ಫೋನ್ ಮಾರುತ್ತೇನೆ.

5. ಪ್ಲಸ್ ಚಿಹ್ನೆಯ ಬಲಗಡೆ ಇರುವುದು ರ‍್ಯಾಮ್ ಅಲ್ಲ

"8 ಜಿಬಿ ರ‍್ಯಾಮ್" ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಇರುವೆ ಸಾಲಿನಲ್ಲಿ 4+4 ಎಂದಿರುತ್ತದೆ. ಮೊದಲ 4 ನಿಜವಾದ ರ‍್ಯಾಮ್. ಎರಡನೆಯದು ಸ್ಟೋರೇಜಿನಿಂದ ತಂದ ಸಾಲ. ಸ್ಟೋರೇಜ್ ಕಡಿಮೆ ಇದ್ದ ಫೋನಿನಲ್ಲಿ ಅದೂ ಹೋಗುತ್ತದೆ, ಮೇಲಾಗಿ ಅದು ನಿಧಾನ. ಇದನ್ನು ನಾನೇ ಬೋರ್ಡಿನ ಮೇಲೆ "8 ಜಿಬಿ" ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದು ತೂಗುಹಾಕಿದ್ದೆ. ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ನೋಡಿ ನಕ್ಕ, ಬೋರ್ಡು ಇಳಿಯಿತು.

ಅದೇ ಹುಡುಗ ಹೇಳಿಕೊಟ್ಟ ಇನ್ನೊಂದು ವಿಷಯ: ಸ್ಟೋರೇಜಿನಲ್ಲೂ ಜಾತಿ ಉಂಟು. ಇಎಂಎಂಸಿ 5.1 ಎಂಬುದು ಹಳೆಯದು, ನಿಧಾನ. ಯುಎಫ್ಎಸ್ 2.2 ಅದಕ್ಕಿಂತ ಹಲವು ಪಟ್ಟು ವೇಗ. 128 ಜಿಬಿ ಎಂದು ಎರಡು ಡಬ್ಬದ ಮೇಲೂ ಇರುತ್ತದೆ, ಎರಡು ವರ್ಷದ ನಂತರ ಒಂದು ಕ್ಯಾಮೆರಾ ತೆರೆಯಲು ಯೋಚನೆ ಮಾಡುತ್ತದೆ, ಇನ್ನೊಂದು ಮಾಡುವುದಿಲ್ಲ.

6. ಫೋನಿನ ಬೆಲೆಯಲ್ಲಿ ರೀಚಾರ್ಜೂ ಸೇರುತ್ತದೆ

ಕೌಂಟರಿನಲ್ಲಿ ಐನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಶಿ ನಡೆಯುತ್ತದೆ. ಅದೇ ಗಿರಾಕಿ ಮಾರನೇ ದಿನ ಬಂದು ತನಗೆ ಬೇಡದ ಪ್ಲಾನಿಗೆ ರೀಚಾರ್ಜ್ ಮಾಡಿಸಿಕೊಂಡು ಹೋಗುತ್ತಾರೆ. ಲೆಕ್ಕ ಹಾಕಿ ನೋಡಿ. ಪ್ಲಾನು 28 ದಿನದ್ದು, ಹಾಗಾಗಿ ವರ್ಷಕ್ಕೆ 12 ಅಲ್ಲ, 13 ಸಲ. ಒಂದು ಸಲಕ್ಕೆ 300 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 3,900, ಎರಡು ವರ್ಷಕ್ಕೆ 7,800. ಇನ್ನೊಂದು ಫೋನಿನ ದುಡ್ಡು!

2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ಒಟ್ಟಿಗೆ ದರ ಏರಿಸಿದಾಗ ಇನ್ನೊಂದು ಬದಲಾವಣೆಯೂ ಆಯಿತು. ಮಿತಿಯಿಲ್ಲದ 5ಜಿ ಡೇಟಾ ದಿನಕ್ಕೆ 2 ಜಿಬಿ ಮತ್ತು ಮೇಲ್ಪಟ್ಟ ಪ್ಲಾನುಗಳಿಗೆ ಮಾತ್ರ ಎಂದಾಯಿತು. ಅಂದರೆ 5ಜಿ ಫೋನು ಕೊಂಡರೆ ಮುಗಿಯಲಿಲ್ಲ, ಪ್ರತಿ 28 ದಿನಕ್ಕೂ ಅದಕ್ಕೆ ಸ್ವಲ್ಪ ಹೆಚ್ಚು ಮೇವು ಹಾಕಬೇಕು. ಊರಲ್ಲಿ 5ಜಿ ಇಲ್ಲದವರಿಗೂ "ಮುಂದಕ್ಕೆ ಬೇಕಾಗ್ತದೆ" ಎಂದು ನಾನು 5ಜಿ ಫೋನು ಹಿಡಿಸಿದ್ದುಂಟು. ಆ ದುಡ್ಡಿನಲ್ಲಿ ಅವರು 4ಜಿಯದ್ದೇ 128 ಜಿಬಿಯ, ಒಳ್ಳೇ ಬ್ಯಾಟರಿಯ ಫೋನು ತಗೊಳ್ಳಬಹುದಿತ್ತು. ಮಾತಾಡಲು ಮಾತ್ರ ಫೋನ್ ಬೇಕಾದ ಅಜ್ಜ ಅಜ್ಜಿಯರಿಗಂತೂ ಡೇಟಾ ಇಲ್ಲದ, ಕರೆ ಮತ್ತು ಎಸ್ಎಂಎಸ್ ಮಾತ್ರದ ಪ್ಲಾನುಗಳು ಟ್ರಾಯ್ ನಿಯಮದಿಂದಾಗಿ 2025ರ ಜನವರಿಯಿಂದ ಬಂದಿವೆ. ಅಂಗಡಿಯವರು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ಬೆಲೆಯ ಬಗ್ಗೆ ಇನ್ನೊಂದು: ಬಿಲ್ ಬೇಡ, ಕಡಿಮೆ ಮಾಡು ಎನ್ನುವವರಿದ್ದಾರೆ. 2020ರ ಏಪ್ರಿಲ್ 1ರಂದು ಮೊಬೈಲಿನ ಜಿಎಸ್‌ಟಿ ಶೇಕಡ 12ರಿಂದ 18ಕ್ಕೆ ಏರಿತು. ನೀವು ಕೊಡುವ ಹತ್ತು ಸಾವಿರದಲ್ಲಿ ಸುಮಾರು 1,525 ರೂಪಾಯಿ ತೆರಿಗೆ. ಬಿಲ್ ಇಲ್ಲದಿದ್ದರೆ ವಾರಂಟಿಗೆ ತೊಂದರೆ, ಫೋನ್ ಕಳೆದರೆ ದೂರು ಕೊಡಲು ತೊಂದರೆ. ಬಿಲ್ ತಗೊಳ್ಳಿ.

7. ಕಂತಿನಲ್ಲಿ ಕೊಂಡ ಫೋನಿಗೆ ಇನ್ನೊಬ್ಬರ ಕೈಯಲ್ಲೂ ಕೀಲಿ ಇರುತ್ತದೆ

ಗಾರೆ ಕೆಲಸದ ಹುಡುಗನೊಬ್ಬ ಬಂದು, ಈಗ ದುಡ್ಡಿಲ್ಲ, ಕಂತಿನಲ್ಲಿ ಕೊಡಿ ಎಂದ. ನನ್ನಲ್ಲಿ ಒಂದು ಫೈನಾನ್ಸ್ ಕಂಪನಿಯ ಏಜೆಂಟ್ ದಿನವೂ ಬಂದು ಕೂರುತ್ತಿದ್ದ ಕಾಲ. ಬಡ್ಡಿ ಇಲ್ಲ, ಮುಂಗಡ ಇಲ್ಲ ಎಂದ ಏಜೆಂಟ್. ಹುಡುಗ ಸಹಿ ಹಾಕಿದ. ನಾನು ತಲೆಯಾಡಿಸಿದೆ. ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿ ಅವನಿಗೆ ಸಿಗಲಿಲ್ಲ, ಪ್ರೊಸೆಸಿಂಗ್ ಶುಲ್ಕ, ಅದರ ಮೇಲೆ ಜಿಎಸ್‌ಟಿ ಬೇರೆ. ಬಡ್ಡಿ ಇಲ್ಲ ಎನ್ನುವ ಸಾಲದ ಬಡ್ಡಿ ಹೀಗೆ ಬೇರೆ ಬೇರೆ ಹೆಸರಿನಲ್ಲಿ ಕೂತಿರುತ್ತದೆ.

ಮಳೆಗಾಲ ಬಂತು, ಗಾರೆ ಕೆಲಸ ನಿಂತಿತು, ಒಂದು ಕಂತು ತಪ್ಪಿತು. ಫೋನಿನೊಳಗೆ ಹಾಕಿದ್ದ ಆ್ಯಪು ಇಡೀ ಫೋನನ್ನೇ ಮುಚ್ಚಿತು. ಪರದೆಯ ಮೇಲೆ ಕಂತು ಕಟ್ಟಿ ಎಂಬ ಒಂದೇ ಸಂದೇಶ. ಅವನ ಹತ್ತಿರ ಅಣ್ಣ ಕಳಿಸಿದ ದುಡ್ಡು ಇತ್ತು, ಆದರೆ ಅದು ಇದ್ದದ್ದು ಅದೇ ಫೋನಿನ ಯುಪಿಐಯಲ್ಲಿ. ಕಟ್ಟಲು ಫೋನ್ ತೆರೆಯಬೇಕು, ತೆರೆಯಲು ಕಟ್ಟಬೇಕು. ಅಂಗಡಿಯ ಫೋನಿನಿಂದ ನಾನೇ ಕಟ್ಟಿದೆ, ಆಮೇಲೆ ಅವನು ತಂದುಕೊಟ್ಟ. ಆ ಕಂತಿನ ಕಾಗದವನ್ನು ಅವತ್ತೇ ನಾನೂ ಮೊದಲ ಸಲ ಪೂರ್ತಿ ಓದಿದ್ದು. ಕಂತು ಬೇಡ ಎನ್ನುವಷ್ಟು ದೊಡ್ಡವನಲ್ಲ ನಾನು, ನನ್ನ ಸ್ಕೂಟರೂ ಕಂತಿನದ್ದೇ. ಆದರೆ ಈಗ ಸಹಿ ಹಾಕುವ ಮುಂಚೆ ಒಟ್ಟು ಎಷ್ಟು ಕಟ್ಟುತ್ತೀರಿ ಎಂಬುದನ್ನು ಬಿಲ್ಲಿನ ಹಿಂದೆ ಬರೆದು ತೋರಿಸುತ್ತೇನೆ. ಅದನ್ನು ನೋಡಿ ಎದ್ದು ಹೋದವರೂ ಇದ್ದಾರೆ. ಏಜೆಂಟ್ ಈಗ ನನ್ನಲ್ಲಿ ಕೂರುವುದಿಲ್ಲ.

8. ಒಂದೇ ಕಂಪನಿಯ ಸಿಮ್ಮಿಗೆ ಕಟ್ಟಿಹಾಕಿದ ಫೋನು ಅಗ್ಗ ಯಾಕೆ ಎಂದು ಕೇಳಬೇಕು

ನಮ್ಮ ದೇಶದಲ್ಲಿ ಹೆಚ್ಚಿನ ಫೋನು ಯಾವ ಸಿಮ್ ಹಾಕಿದರೂ ನಡೆಯುತ್ತದೆ. ಹಾಗಾಗಿ ನಾವು ಅದನ್ನು ಕೇಳುವುದೇ ಇಲ್ಲ. 2017ರಲ್ಲಿ 1,500 ರೂಪಾಯಿ ಠೇವಣಿಗೆ ಬಂದ ಜಿಯೋಫೋನಿನಲ್ಲಿ ಜಿಯೋ ಸಿಮ್ ಮಾತ್ರ ನಡೆಯುತ್ತಿತ್ತು. ಅದನ್ನು ಎಲ್ಲರೂ ತಿಳಿದೇ ಕೊಂಡರು, ತಕರಾರಿಲ್ಲ. ಸ್ಮಾರ್ಟ್‌ಫೋನಿನಲ್ಲೂ ಈಚೆಗೆ ಅಂಥವು ಬಂದಿವೆ. ಅದೇ ಮಾದರಿ, ನೂರಾರು ರೂಪಾಯಿ ಕಡಿಮೆ, ಇಷ್ಟು ತಿಂಗಳು ಇದೇ ಕಂಪನಿಯ ಸಿಮ್ ಎಂಬ ಷರತ್ತು. ಒಬ್ಬ ಅಮ್ಮನಿಗೆಂದು ಆನ್‌ಲೈನಿನಲ್ಲಿ ಅಗ್ಗ ಕಂಡ ಒಂದನ್ನು ನಾನೇ ಬುಕ್ ಮಾಡಿಕೊಟ್ಟೆ, ಷರತ್ತು ಓದದೆ. ಅವರ ಮನೆಯಲ್ಲಿ ಆ ಕಂಪನಿಯ ಸಿಗ್ನಲ್ ಸಿಗುವುದು ದನದ ಕೊಟ್ಟಿಗೆಯ ಹಿಂದೆ ಮಾತ್ರ. ಆ ಫೋನನ್ನು ಅದೇ ಬೆಲೆಗೆ ವಾಪಸ್ ತಗೊಂಡು ನಾನು ಬಳಸಿದೆ. ಫೋನಿನಲ್ಲಿ ದೋಷವೇನೂ ಇರಲಿಲ್ಲ, ಪೇಟೆಯಲ್ಲಿದ್ದ ನನಗೆ ಅದು ಚೆನ್ನಾಗೇ ನಡೆಯಿತು.

ಕಂಪನಿ ಬದಲಿಸಬೇಕಾದರೆ ಹೊಸ ನಂಬರ್ ತಗೊಳ್ಳಬೇಡಿ. ಆಧಾರ್, ಬ್ಯಾಂಕು, ಗ್ಯಾಸು, ಗೃಹಲಕ್ಷ್ಮಿ ದುಡ್ಡಿನ ಸಂದೇಶ ಎಲ್ಲವೂ ಹಳೇ ನಂಬರಿಗೆ ಬರುತ್ತಿರುತ್ತವೆ. ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಪೋರ್ಟಿಂಗ್ ದೇಶಕ್ಕೆಲ್ಲ ಬಂದದ್ದು 2011ರ ಜನವರಿ 20ರಂದು. 1900ಕ್ಕೆ ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು ನಂಬರ್ ಹಾಕಿ ಎಸ್ಎಂಎಸ್ ಮಾಡಿದರೆ ಕೋಡ್ ಬರುತ್ತದೆ. ಆದರೆ ಪೋರ್ಟ್ ಮಾಡಿದ ಮೇಲೆ 90 ದಿನ ಅಲ್ಲೇ ಇರಬೇಕು. ಹಾಗಾಗಿ ಪೋರ್ಟ್ ಮಾಡುವ ಮೊದಲು ನೆಂಟರದ್ದೋ ಪಕ್ಕದ ಮನೆಯವರದ್ದೋ ಆ ಕಂಪನಿಯ ಸಿಮ್ ಒಂದು ದಿನಕ್ಕೆ ಕೇಳಿ ತಂದು, ಜಗಲಿಯಲ್ಲಿ, ಅಡುಗೆಮನೆಯಲ್ಲಿ, ತೋಟದಲ್ಲಿ ನಿಂತು ಕರೆ ಮಾಡಿ ನೋಡಿ. ಕಂಪನಿಯ ನಕಾಶೆಯಲ್ಲಿ ನಮ್ಮ ಇಡೀ ತಾಲ್ಲೂಕು ಬಣ್ಣ ತುಂಬಿಕೊಂಡಿರುತ್ತದೆ, ನಂಬಬೇಡಿ.

9. ಹಳೇ ಫೋನಾದರೆ ಮೊದಲು ಐಎಂಇಐ

ಒಳ್ಳೇ ಕಂಪನಿಯ ಹಳೇ ಫೋನು ಕೆಲವೊಮ್ಮೆ ಹೊಸ ಅಗ್ಗದ ಫೋನಿಗಿಂತ ಮೇಲು. ಒಂದನ್ನು ಹಾಗೆ ಕೊಂಡು, ಒರೆಸಿ, ಮಾರಿ, ಆಮೇಲೆ ಪೊಲೀಸರಿಂದ ಕರೆ ಬಂದಾಗ ಗೊತ್ತಾಯಿತು, ಅದು ಕಳುವಿನದ್ದು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಾಗ ಪರಿಚಯದವರೆಲ್ಲ ಅವತ್ತೇ ಆ ದಾರಿಯಲ್ಲಿ ಹೋದರು. ಈಗ *#06# ಒತ್ತಿ, ಬಂದ ಐಎಂಇಐಯನ್ನು, ಅಂದರೆ ಆ ಫೋನಿನ ಗುರುತಿನ ಸಂಖ್ಯೆಯನ್ನು, ಇಂಗ್ಲಿಷಿನ ಕೆವೈಎಂ ಅಕ್ಷರಗಳ ಮುಂದೆ ಜಾಗ ಬಿಟ್ಟು ಬರೆದು 14422ಕ್ಕೆ ಎಸ್ಎಂಎಸ್ ಕಳಿಸುತ್ತೇನೆ. 2023ರ ಮೇ ತಿಂಗಳಲ್ಲಿ ಬಂದ ಸಂಚಾರ್ ಸಾಥಿ ಜಾಲತಾಣದಲ್ಲೂ ನೋಡಬಹುದು. ಕಪ್ಪುಪಟ್ಟಿ ಎಂದು ಬಂದರೆ ಮುಟ್ಟುವುದಿಲ್ಲ.

10. ಶಿವಮೊಗ್ಗದ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಬೇಕು

ಸರ್ವಿಸ್ ಸೆಂಟರ್ ಇರುವುದು ಎಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ. ಹೆಸರೇ ಕೇಳದ ಕಂಪನಿಯ ಫೋನಾದರೆ ಅಲ್ಲೂ ಇಲ್ಲ. ಅಗ್ಗದ ಫೋನಿನ ಡಿಸ್‌ಪ್ಲೇ ಒಡೆದರೆ ಅದರ ಖರ್ಚು ಫೋನಿನ ಅರ್ಧ ಬೆಲೆಯ ಹತ್ತಿರ ಬಂದು ನಿಲ್ಲುವುದುಂಟು. ಶಕ್ತಿ ಯೋಜನೆ ಬಂದ ಮೇಲೆ ರಿಪೇರಿಗೆ ಹೆಂಡತಿಯನ್ನು ಕಳಿಸುವ ಗಂಡಂದಿರು ಹೆಚ್ಚಾಗಿದ್ದಾರೆ, ಅದು ಬೇರೆ ಮಾತು. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂದೂ ನೋಡಿ. ಆಂಡ್ರಾಯ್ಡ್ ಹಳತಾದಂತೆ ಮೊದಲು ಬ್ಯಾಂಕಿನ ಆ್ಯಪುಗಳು ಕೈಕೊಡುತ್ತವೆ.

11. ಅಂಗಡಿಯವನ ಮಾತನ್ನು ಅಂಗಡಿಯವನ ಮಾತೆಂದೇ ಕೇಳಬೇಕು

ಇದನ್ನು ನಾನೇ ಬರೆಯುವುದು ವಿಚಿತ್ರ. ಅಗ್ಗದ ಫೋನಿನಲ್ಲಿ ನಮಗೆ ಉಳಿಯುವುದು ಬಹಳ ಕಡಿಮೆ. ನನ್ನ ಮನೆ ನಡೆಯುವುದು ಕವರ್, ಗ್ಲಾಸ್, ಚಾರ್ಜರ್, ರಿಪೇರಿಯಿಂದ. ಆದರೆ ತಿಂಗಳಿಗೊಮ್ಮೆ ಯಾವುದೋ ಕಂಪನಿಯವರು ಬಂದು, ಈ ಮಾದರಿ ಇಷ್ಟು ಮಾರಿದರೆ ಇಷ್ಟು ಎಂದು ಸ್ಕೀಮ್ ಇಡುತ್ತಾರೆ. ಆ ತಿಂಗಳು ನನ್ನ ಬಾಯಲ್ಲಿ ಆ ಫೋನಿನ ಗುಣಗಾನ ತಾನಾಗಿ ಹೆಚ್ಚುತ್ತದೆ. ಎಷ್ಟು ತಿದ್ದಿಕೊಂಡರೂ ಗೋಡೌನಿನಲ್ಲಿ ಉಳಿದ ಡಬ್ಬಗಳು ಕಣ್ಣ ಮುಂದೆ ಬರುತ್ತವೆ. ಹಾಗಾಗಿ ನಾನು ಒಂದನ್ನು ತುಂಬಾ ಹೊಗಳಿದರೆ, ಬ್ಯಾಂಡ್ 28 ಇದೆಯಾ, ಸ್ಟೋರೇಜ್ ಯುಎಫ್ಎಸ್ಸಾ, ಟ್ರೇ ಹೈಬ್ರಿಡ್ಡಾ ಎಂದು ಕೇಳಿ. ನನಗೆ ಉತ್ತರ ಗೊತ್ತಿಲ್ಲದಿದ್ದರೆ ನಾಳೆ ಬನ್ನಿ ಎನ್ನುತ್ತೇನೆ, ನೀವು ನಾಳೆಯೇ ಬನ್ನಿ.

ಬರುವಾಗ ಹಳೇ ಫೋನು, ಎರಡೂ ಸಿಮ್ಮು, ಮತ್ತು ಫೋನನ್ನು ನಿಜವಾಗಿ ಬಳಸುವವರನ್ನು ಜೊತೆಗೆ ಕರೆತನ್ನಿ. ಗೂಗಲ್ ಅಕೌಂಟಿನ ಪಾಸ್‌ವರ್ಡ್ ಒಂದು ಚೀಟಿಯಲ್ಲಿ ಇರಲಿ, ಕೆಲಸ ಮುಗಿದ ಮೇಲೆ ಹರಿದುಹಾಕಿ. ವಾಟ್ಸಾಪ್ ಬ್ಯಾಕಪ್ ಮನೆಯ ವೈಫೈಯಲ್ಲೇ ಮುಗಿಸಿಕೊಂಡು ಬಂದರೆ ಉಪಕಾರ. ಇಲ್ಲೇ ಮಾಡಿಕೊಡು ಎಂದರೆ ಅದಕ್ಕೂ ಅಡ್ಡಿಯಿಲ್ಲ, ಸಂತೆಯ ದಿನ ಮಾತ್ರ ಬೇಡ.